ಮೂರು ಗಂಟೆ ಹಿಂದಿನ ನಕಲು

ಗುರುರಾಜ್ ಪೂರ್ತಿ ಮಾಡದೆ ಬಿಟ್ಟ ಒಂದು ವಾಕ್ಯವನ್ನು ನೀಲಾಂಬಿಕಾ ಯುಗಾದಿಯಿಂದ ದಸರೆಯವರೆಗೆ ದಿನವೂ ತಾನೇ ಪೂರ್ತಿ ಮಾಡುತ್ತ ಬಂದಿದ್ದಳು.

"ನಾನು ಕಟ್ಟೆ ಹತ್ತಿದ್ರೆ ಇಡೀ ಐಟಿ ಡಿಪಾರ್ಟ್‌ಮೆಂಟಿನ ಮರ್ಯಾದೆ ಹೋಗತ್ತೆ ನೀಲಾ. ನೀವು ಹತ್ತಿದ್ರೆ ಬರೀ…" ಎಂದು ಅವನು ಅವತ್ತು ಕಾಫಿ ಕಪ್ಪಿನ ತಳ ನೋಡುತ್ತ ಸುಮ್ಮನಾಗಿದ್ದ. ಬರೀ ಏನು? ಬರೀ ಒಬ್ಬ ಹೆಂಗಸಿನ ಮರ್ಯಾದೆ? ಬರೀ ನಮ್ಮ ರಾಣೆಬೆನ್ನೂರಿನವರ ಮರ್ಯಾದೆ? ಬರೀ ನಿಮ್ಮದು, ಅದೇನು ಲೆಕ್ಕ? ಸಿಂಗಸಂದ್ರದಲ್ಲಿ ಮೆಟ್ರೊ ಹತ್ತಿ ಬೊಮ್ಮಸಂದ್ರದಲ್ಲಿ ಇಳಿಯುವಷ್ಟರಲ್ಲಿ ಅವಳಿಗೆ ದಿನಕ್ಕೊಂದು ಹೊಸ ಉತ್ತರ ಸಿಗುತ್ತಿತ್ತು. ಒಂದಾದರೂ ಹಿಂದಿನ ದಿನದ್ದಕ್ಕಿಂತ ಹಿತವಾಗಿರುತ್ತಿರಲಿಲ್ಲ.

ಕಟ್ಟೆಯ ವಿಷಯ ಮೊದಲು ಹೇಳಬೇಕು. ಬೊಮ್ಮಸಂದ್ರದ ಆ ಮಾತ್ರೆ ಕಾರ್ಖಾನೆಯ ಅಂಗಳದಲ್ಲಿ ಒಂದು ಹೊಂಗೆ ಮರ, ಮರದ ಸುತ್ತ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೊಂದು ಮೈಕು. ಕಾರ್ಖಾನೆಯ ಮುಖ್ಯಸ್ಥರಾದ ಮುರಿಗೆಪ್ಪನವರು ಹಿಂದೊಮ್ಮೆ ಹದಿನೈದು ದಿನ ಜಪಾನಿಗೆ ಹೋಗಿಬಂದಿದ್ದರು. ಬೇರೆಯವರು ಅಲ್ಲಿಂದ ಕ್ಯಾಮೆರಾ ತರುತ್ತಾರೆ; ಇವರು ಒಂದು ಪದ್ಧತಿ ತಂದರು. ಯಾರ ತಪ್ಪಿನಿಂದ ಲೈನು ನಿಂತಿತೋ ಅವರು ಕಟ್ಟೆ ಹತ್ತಿ, ಎಲ್ಲರೆದುರು ಮೈಕಿನಲ್ಲಿ ಮೂರು ವಾಕ್ಯ ಹೇಳಬೇಕು: ಏನಾಯಿತು, ಯಾರಿಂದಾಯಿತು, ಮುಂದೆ ಆಗದಂತೆ ಏನು ಮಾಡುತ್ತೇನೆ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಒಪ್ಪಿಕೊಂಡ ಮನುಷ್ಯ ಹಗುರಾಗುತ್ತಾನೆ ಎಂಬುದು ಮುರಿಗೆಪ್ಪನವರ ಗಟ್ಟಿ ನಂಬಿಕೆ. ಜಪಾನಿನಲ್ಲಿ ನಿಜವಾಗಿ ಹೀಗೆ ಮಾಡುತ್ತಾರೋ, ಅಥವಾ ದುಭಾಷಿಯ ಇಂಗ್ಲಿಷು ಮುಧೋಳದವರಾದ ಇವರ ಕಿವಿಗೆ ಬಿದ್ದು ಹೀಗಾಯಿತೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಾತ್ರೆ ಒತ್ತುವವರು ಹತ್ತಿದ್ದರು, ಪ್ಯಾಕಿಂಗಿನ ಹೆಂಗಸರು ಹತ್ತಿದ್ದರು, ಫೋರ್ಕ್‌ಲಿಫ್ಟ್ ಓಡಿಸುವವನಂತೂ ಮೈಕು ಸರಿಮಾಡಿಕೊಳ್ಳುವ ಠೀವಿಯಲ್ಲೇ ಗೊತ್ತಾಗುವಷ್ಟು ಸಲ ಹತ್ತಿದ್ದ. ಆಫೀಸರುಗಳು ಯಾರೂ ಹತ್ತಿರಲಿಲ್ಲ. ಆಫೀಸರುಗಳಿಂದ ತಪ್ಪಾಗುವುದಿಲ್ಲ, ಅವರ ಕಡೆ ಆಗುವುದು 'ಇಶ್ಯೂ'. ಈ ಸಂಪ್ರದಾಯ ಮುರಿದ ಮೊದಲ ಆಫೀಸರು ನೀಲಾಂಬಿಕಾ. ಅದೂ ತನ್ನದಲ್ಲದ ತಪ್ಪಿಗೆ.

ಅವಳ ಕೆಲಸ ಡೇಟಾಬೇಸ್ ಕಾಯುವುದು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರಾದರೂ ಕೇಳಿ, ಇವಳು ವಿವರಿಸಿದರೆ, "ಓ, ಡೇಟಾ ಎಂಟ್ರಿನಾ?" ಎನ್ನುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದಳು, ಈಗ ತನ್ನ ಮಹಡಿ ಬಂದರೆ ಸಾಕೆಂದು ಕಾಯುತ್ತಾಳೆ. ಯಾವ ಮಾತ್ರೆ ಯಾವ ದಿನ ತಯಾರಾಯಿತು, ಯಾವಾಗ ಅವಧಿ ಮುಗಿಯುತ್ತದೆ, ಯಾವ ಬಾಗಿಲು ಯಾರ ಮುಖಕ್ಕೆ ತೆರೆಯಬೇಕು ಎಂಬುದೆಲ್ಲ ಇರುವುದು ಅದರಲ್ಲೇ. ಕಾರ್ಖಾನೆಗೆ ನೆನಪು ಅಂತ ಒಂದಿದ್ದರೆ ಅದು. ನೆನಪು ಸರಿಯಿರುವಷ್ಟು ದಿನ ಅದನ್ನು ಕಾಯುವವರ ನೆನಪು ಯಾರಿಗೂ ಇರುವುದಿಲ್ಲ.

ಯುಗಾದಿಗೆ ಮುಂಚೆ ಐಟಿ ಮುಖ್ಯಸ್ಥ ಗುರುರಾಜ್ ಒಂದು ಬ್ಯಾಚಿನ ಅವಧಿ ತಾರೀಖು ತಿದ್ದಲು ಹೋಗಿ ಎಲ್ಲ ಬ್ಯಾಚುಗಳ ತಾರೀಖನ್ನೂ ತಿದ್ದಿದ. ನೆಗಡಿ ಮಾತ್ರೆ, ರಕ್ತದೊತ್ತಡದ ಮಾತ್ರೆ, ಮಕ್ಕಳ ಜಂತುಹುಳದ ಮಾತ್ರೆ, ಎಲ್ಲವೂ ಒಂದೇ ದಿನ ಸಾಮೂಹಿಕವಾಗಿ ಕಾಲವಾಗುವಂತೆ ಪ್ಯಾಕಿಂಗ್ ಲೈನು ಅಚ್ಚು ಹಾಕತೊಡಗಿತು. ಯಾರೋ ನೋಡಿ ಲೈನು ನಿಲ್ಲಿಸಿದರು. ಆಗೆಲ್ಲ ಇಡೀ ಇಲಾಖೆಗೆ ಒಂದೇ ಪಾಸ್‌ವರ್ಡ್. ಒಂದೇ ಹೆಸರಿನಲ್ಲಿ ಎಲ್ಲರೂ ಒಳಗೆ ಹೋಗಿ ಬರುತ್ತಿದ್ದರು. ಯಾರ ಕೈ ಎಂದು ತೋರಿಸುವ ದಾರಿಯಿರಲಿಲ್ಲ. ಗುರುರಾಜ್ ಆ ಅರ್ಧ ವಾಕ್ಯ ಹೇಳಿ ಕಾಫಿ ಕುಡಿದ. ಇವಳು ಕಟ್ಟೆ ಹತ್ತಿದಳು. ಏನಾಯಿತು, ಹೇಳಿದಳು. ಯಾರಿಂದಾಯಿತು, "ನನ್ನಿಂದ" ಎಂದಳು. ಆ ಚಪ್ಪಾಳೆಯಲ್ಲಿ ಗುರುರಾಜನದು ಎಲ್ಲರಿಗಿಂತ ಜೋರಾಗಿತ್ತು.

ಮರುವಾರ ಅವನು ಪಾಸ್‌ವರ್ಡ್ ಬದಲಾಯಿಸಿದ. "ಮೈಕಲ್ಲಿ ಒಪ್ಕೊಂಡಿದ್ದೀರಲ್ಲ ನೀಲಾ, ನಾಳೆ ಹೆಡ್ಡಾಫೀಸಿನವರು ಕೇಳಿದ್ರೆ ನಾನೇನ್ ಹೇಳ್ಲಿ? ನೀವು ನೋಡಿ, ಮುಟ್ಟಬೇಡಿ. ಮುಟ್ಟೋದೇನಿದ್ರೂ ನಾನು." ಅಡುಗೆಯವಳನ್ನು ಇಟ್ಟುಕೊಂಡು ಒಲೆ ಹಚ್ಚುವ ಹಕ್ಕನ್ನು ಮನೆಯ ಯಜಮಾನ ತಾನೇ ಇಟ್ಟುಕೊಂಡ ಹಾಗಾಯಿತು. ದಿನವೂ ಬ್ಯಾಕಪ್ ತೆಗೆಯುವ ಕೆಲಸವನ್ನೂ ಅವಳಿಂದ ಕಿತ್ತು ಹೊರಗಿನ ಒಂದು ಕಂಪನಿಗೆ ಕೊಟ್ಟ. ಆ ಕಂಪನಿಯಿಂದ ಬೆಳಗಾದರೆ ಒಂದು ಮೇಲ್ ಬರುತ್ತಿತ್ತು, ಅದರಲ್ಲೊಂದು ಹಸಿರು ಗುರುತು.

"ಸರ್, ಒಂದ್ಸಲ ಆ ಬ್ಯಾಕಪ್ಪನ್ನ ವಾಪಸ್ ತಂದು ನೋಡೋಣ. ವಾಪಸ್ ಬರುತ್ತೆ ಅಂತ ನೋಡೋ ತನಕ ಅದು ಬ್ಯಾಕಪ್ ಅಲ್ಲ," ಎಂದು ಅವಳು ಹೇಳಿದಳು.

"ಹಸಿರು ಬರ್ತಿದೆಯಲ್ಲ?"

ಶ್ರಾವಣದಲ್ಲಿ ಇನ್ನೊಂದು ಸಲ ಹೇಳಿದಳು. "ನಿಮಗೆ ಹಸಿರು ಕಂಡ್ರೂ ಅನುಮಾನ," ಎಂದು ಅವನು ನಕ್ಕ. ಮೂರನೆಯ ಸಲ ಹೇಳುವುದು ಅವಳ ಕರ್ತವ್ಯವಾಗಿತ್ತು. ಹೇಳಲಿಲ್ಲ. ಆ ಮೌನದ ರುಚಿ ನಾಲಿಗೆಗೆ ಹತ್ತಿದಾಗಲೇ ಅವಳಿಗೆ ತಾನು ಇಷ್ಟು ದಿನ ಏನನ್ನು ಕುದಿಸುತ್ತಿದ್ದೇನೆಂದು ಗೊತ್ತಾದದ್ದು. ಗುರುರಾಜ್ ಕೆಲಸ ಕಳೆದುಕೊಳ್ಳಬೇಕಿರಲಿಲ್ಲ. ಕಾಲು ಮುರಿಯಬೇಕಿರಲಿಲ್ಲ. ಅವನು ಆ ಕಟ್ಟೆ ಹತ್ತಿ, ಆ ಮೈಕು ಹಿಡಿದು, "ನನ್ನಿಂದ" ಎನ್ನಬೇಕಿತ್ತು. ಅಷ್ಟೇ. ಅಷ್ಟಕ್ಕಿಂತ ಒಂದೆಳೆ ಕಡಿಮೆಯೂ ಬೇಡ.

ಆದರೆ ಸೇಡು ಬೇರೆ, ಕಸುಬು ಬೇರೆ. ಕಾರ್ಖಾನೆಯ ನೆನಪು ಹೀಗೆ ಬೀದಿಯಲ್ಲಿ ಬಿದ್ದಿರುವುದನ್ನು ನೋಡಿಕೊಂಡು ಊಟ ಸೇರದು. ಪ್ಯಾಕಿಂಗಿನವರು ಗುಜರಿಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರನ್ನು ಸಹೋದ್ಯೋಗಿ ಮಲ್ಲಿಕ್‌ನಿಂದ ಹೊರಿಸಿ ತಂದು, ಬ್ಯಾಟರಿ ಕೋಣೆಯ ಮೂಲೆಯಲ್ಲಿಟ್ಟು, ಅದರಲ್ಲೊಂದು ನಕಲು ಮಾಡಿಟ್ಟಳು. ಅದಕ್ಕೆ ನೋಡುವ ಅಧಿಕಾರವಷ್ಟೇ ಸಾಕಿತ್ತು. ಆ ನಕಲು ಬೇಕೆಂದೇ ಅಸಲಿಗಿಂತ ಮೂರು ಗಂಟೆ ಹಿಂದೆ ನಡೆಯುತ್ತಿತ್ತು. ಅಸಲಿನಲ್ಲಿ ಈಗ ಆದದ್ದು ಇದರಲ್ಲಿ ಆಗುವುದು ಮೂರು ಗಂಟೆಯ ಮೇಲೆ. ಅಲ್ಲಿ ಬೆಂಕಿ ಬಿದ್ದರೆ ಇಲ್ಲಿಗೆ ಬಿಸಿ ತಟ್ಟುವುದರೊಳಗೆ ತಂತಿ ಕಡಿಯಬಹುದು. ಇಂಥದ್ದೊಂದು ಬೇಕೆಂದು ಹಿಂದೆ ಕೇಳಿದಾಗ ಗುರುರಾಜ್, "ಹಳೇದನ್ನ ಇಟ್ಕೊಂಡು ಏನ್ ಮಾಡ್ತೀರಿ, ಮ್ಯೂಸಿಯಂ ತೆಗೀತೀರಾ?" ಎಂದಿದ್ದ. ಹಾಗಾಗಿ ಈ ಸಲ ಕೇಳಲಿಲ್ಲ.

ದಸರೆ ಮುಗಿದ ವಾರ. ಹಬ್ಬಕ್ಕೆ ಊರಿಗೆ ಹೋದ ಗುತ್ತಿಗೆ ಕೆಲಸಗಾರರಲ್ಲಿ ಎಂದಿನಂತೆ ಒಂದಷ್ಟು ಜನ ತಿರುಗಿ ಬಂದಿರಲಿಲ್ಲ. ಅವರ ಹೆಸರು ತೆಗೆಯಬೇಕು. ನೀಲಾಂಬಿಕಾ ಎದುರಿಗೇ ಕೂತಿದ್ದಳು.

"ಎರಡು ಸಾಲಿನ ಕಮಾಂಡು. ನಾನೇ ಮಾಡ್ತೀನಿ, ನಿಮಗ್ಯಾಕೆ ತೊಂದ್ರೆ," ಎಂದ ಗುರುರಾಜ್.

ಎರಡು ಸಾಲಿನದೇ ನಿಜ. ಮೊದಲನೆಯ ಸಾಲು: ಗುತ್ತಿಗೆ ಕೆಲಸಗಾರರನ್ನು ಅಳಿಸು. ಎರಡನೆಯ ಸಾಲು: ಯಾರು ಬಿಟ್ಟುಹೋಗಿದ್ದಾರೋ ಅವರನ್ನು ಮಾತ್ರ. ಕಾರ್ಖಾನೆಯ ಸಾಫ್ಟ್‌ವೇರಿನಲ್ಲಿ ಮೌಸ್ ಎಳೆದು ಎಷ್ಟು ಸಾಲಿಗೆ ನೀಲಿ ಬಳಿದಿದ್ದೀರೋ ಅಷ್ಟೇ ಓಡುತ್ತದೆ. ಊಟದ ಹೊತ್ತು, ಕೆಳಗಿನ ಕ್ಯಾಂಟೀನಿನಿಂದ ಬಿಸಿಬೇಳೆಬಾತಿನ ವಾಸನೆ. ಗುರುರಾಜನ ಮೌಸು ಮೊದಲ ಸಾಲನ್ನು ಬಳಿದು ಅಲ್ಲಿಗೇ ದಣಿಯಿತು. ಒಂದು ಗುಂಡಿ ಒತ್ತಿ ಅವನು ಊಟಕ್ಕೆ ಹೋದ.

ಎರಡನೇ ಪಾಳಿಯ ಹೊತ್ತಿಗೆ ಮಲ್ಲಿಕ್ ಏದುಸಿರು ಬಿಡುತ್ತ ಬಂದ. ಬೇಗೂರಿನ ಹುಡುಗ, ಗಾಬರಿಯಾದರೆ ಮಾತು ನುಂಗುತ್ತಾನೆ.

"ಮೇಡಂ, ಗೇಟಲ್ಲಿ ಫುಲ್ ಗಲಾಟೆ. ಮುಖ ನೋಡೋ ಮಷೀನು ಯಾರನ್ನೂ ಒಳಗೇ ಬಿಡ್ತಿಲ್ಲ. ನಾಟ್ ರಿಜಿಸ್ಟರ್ಡ್ ಅಂತಿದೆ. ಎಲ್ರಿಗೂ!"

ನೀಲಾಂಬಿಕಾ ಅಸಲನ್ನು ತೆರೆದು ನೋಡಿದಳು. ನೋಡುವ ಅಧಿಕಾರವಂತೂ ಇತ್ತಲ್ಲ. ಗುತ್ತಿಗೆ ಕೆಲಸಗಾರರ ಜಾಗ ಸಗಣಿ ಸಾರಿಸಿದ ಅಂಗಳದಷ್ಟು ಚೊಕ್ಕಟವಾಗಿತ್ತು. ಒಬ್ಬರೂ ಇಲ್ಲ.

ಅವಳು ಎದ್ದು ಬ್ಯಾಟರಿ ಕೋಣೆಗೆ ನಡೆದು, ನಕಲನ್ನು ಇದ್ದಲ್ಲೇ ನಿಲ್ಲಿಸಿದಳು. ಅದರೊಳಗೆ ಇನ್ನೂ ಬೆಳಗಿನ ಹೊತ್ತು; ಎಲ್ಲರೂ ಇದ್ದರು. ಇನ್ನು ಅದು ಯುಗಾಂತ್ಯದವರೆಗೂ ಅಲ್ಲೇ ನಿಂತಿರುತ್ತದೆ. ಸೇಡಿಗೂ ಶಿಸ್ತು ಬೇಕು: ಮೊದಲು ಹಸು ಕಟ್ಟಬೇಕು, ಆಮೇಲೆ ಬೇಲಿಯವನ ಜೊತೆ ಜಗಳ.

"ಅಬ್ಬಾ, ಬಚಾವ್! ಸಾರ್ ಹತ್ರ ಪಾಸ್‌ವರ್ಡ್ ಇಸ್ಕೊಂಡು ಹಾಕ್ಬಿಡಿ ಮೇಡಂ ವಾಪಸ್," ಎಂದ ಮಲ್ಲಿಕ್.

"ತಡಿ."

"ಏನ್ ತಡಿಯೋದು ಮೇಡಂ? ಜನ ಬಿಸಿಲಲ್ಲಿ ನಿಂತವ್ರೆ."

"ಚಾ ಕುಡ್ದಿಲ್ಲ ನಾನು," ಎಂದಳು ನೀಲಾಂಬಿಕಾ.

ಗೇಟಿನಲ್ಲಿ ಸಾಲು ಹೊಸೂರು ರಸ್ತೆಯ ಕಡೆಗೆ ಬೆಳೆದಿತ್ತು. ಯಂತ್ರದೊಳಗಿನ ಹೆಣ್ಣು ದನಿ ಒಬ್ಬೊಬ್ಬರಿಗೂ ಒಂದೇ ಸಮಾಧಾನದಿಂದ 'ನಾಟ್ ರಿಜಿಸ್ಟರ್ಡ್' ಎನ್ನುತ್ತಿತ್ತು. ಸೆಕ್ಯೂರಿಟಿಯವನು ತನಗೆ ತೋಚಿದ ಉಪಾಯ ಹೇಳಿ, ಎಲ್ಲರನ್ನೂ ಮುಖ ತೊಳೆದುಕೊಂಡು ಬರಲು ಕಳಿಸಿದ್ದ. ನಲ್ಲಿಯ ಹತ್ತಿರ ಹೆಂಗಸರು ಮುಖ ತೊಳೆದು, ಸೆರಗಿನಲ್ಲಿ ಒರೆಸಿ, ಮತ್ತೆ ಕುಂಕುಮ ಇಟ್ಟುಕೊಂಡು, ಹೆಣ್ಣು ನೋಡಲು ಬಂದವರೆದುರು ಕೂತಂತೆ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಯಂತ್ರ ಒಪ್ಪುತ್ತಿರಲಿಲ್ಲ.

ಪ್ಯಾಕಿಂಗಿನ ಮಹಾನಂದಾ ನೀಲಾಂಬಿಕಾಳನ್ನು ನೋಡಿ ಗೇಟಿನ ಸರಳಿನೊಳಗಿಂದಲೇ ಕೂಗಿದಳು. ಸಿಂದಗಿ ಕಡೆಯವಳು, ಮೂವತ್ತರ ಆಸುಪಾಸು, ಹೆಬ್ಬಗೋಡಿಯಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ.

"ಅಕ್ಕಾರ! ಈ ಡಬ್ಬಿಗೆ ನಮ್ಮ ಮಾರಿ ಗುರ್ತs ಸಿಗವಲ್ದು ನೋಡ್ರಿ. ನಿನ್ನಿ ಸಂಜೀಮಟ ಚಲೋ ಇತ್ತು. ಊರಿಗೆ ಹೋಗಿ ನಾಕ ಹೋಳಿಗಿ ತಿಂದ ಬಂದದ್ದಕ್ಕ ಮಾರಿ ಬದಲಾಗ್ತೈತೇನ್ರಿ?"

"ಸ್ವಲ್ಪ ತಡಿಯವ್ವಾ, ಆಗ್ತೈತಿ," ಎಂದಳು ನೀಲಾಂಬಿಕಾ. ಮಹಾನಂದಾಳ ಮುಂದೆ ಅವಳ ನಾಲಿಗೆ ತಾನಾಗೇ ತುಂಗಭದ್ರೆ ದಾಟುತ್ತಿತ್ತು. ಬಿಸಿಲು ಆ ತೊಳೆದ ಮುಖಗಳ ಮೇಲೆ ಬೀಳುತ್ತಿರುವುದು ಅವಳಿಗೆ ಕಾಣಲಿಲ್ಲವೆಂದಲ್ಲ. ಕಂಡಿತು. ಕಂಡೂ ಒಳಗೆ ಹೋದಳು.

ಒಳಗೆ ಗುರುರಾಜನ ಕೋಣೆಯಲ್ಲಿ ಹಸಿರು ಗುರುತಿನ ಕಂಪನಿಯವನು ಫೋನಿನಲ್ಲಿದ್ದ. ಬ್ಯಾಕಪ್ ಇದೆ ಸಾರ್, ಪ್ರತಿದಿನದ್ದೂ ಇದೆ, ಒಂದೂ ತಪ್ಪಿಲ್ಲ. ತೆರೆದು ನೋಡಿದರೆ ಅದು ಬೇರೆ ಯಾವುದೋ ಲೋಕ. ಗುರುರಾಜ್ ಆ ಕಂಪನಿಗೆ ಕೊಟ್ಟಿದ್ದ ವಿಳಾಸ ಹಳೆಯ ಸರ್ವರಿನದು. ಎಲ್ಲವನ್ನೂ ಹೊಸದಕ್ಕೆ ಸಾಗಿಸಿ, ಹಳೆಯದನ್ನು ಆರಿಸಲು ಮರೆತು ಬಿಟ್ಟಿದ್ದರು. ಸಂಸಾರ ಮನೆ ಬದಲಾಯಿಸಿದ್ದು ಕಾವಲುಗಾರನಿಗೆ ಯಾರೂ ಹೇಳಿರಲಿಲ್ಲ. ಅವನು ಖಾಲಿ ಮನೆಯನ್ನು ಇಷ್ಟು ದಿನವೂ ನಿಷ್ಠೆಯಿಂದ ಕಾದು, ಬೆಳಗಾದರೆ ಎಲ್ಲ ಕ್ಷೇಮವೆಂದು ಹಸಿರು ಮೇಲ್ ಕಳಿಸುತ್ತಿದ್ದ.

ಗುರುರಾಜ್ ಫೋನಿಟ್ಟ. ಆಗಲೇ ಬಾಗಿಲು ತಳ್ಳಿಕೊಂಡು ಮುರಿಗೆಪ್ಪನವರು ಬಂದರು. ಎತ್ತರದ ಆಳು, ತಲೆ ತಗ್ಗಿಸಿ ಒಳಬರುವ ರೂಢಿ. ಅದನ್ನು ಜನ ವಿನಯವೆಂದು ತಿಳಿದು ಮೋಸ ಹೋಗುತ್ತಿದ್ದರು.

"ಏನ್ರಿ ಇದು, ಲೈನ್ ನಿಂತು ಎಷ್ಟ ಹೊತ್ತಾತು?"

"ಸರ್, ಒಂದು ಸಣ್ಣ ಇಶ್ಯೂ ಆಗಿದೆ ಡೇಟಾಬೇಸಲ್ಲಿ."

"ಯಾರಿಂದ?"

"ಇಶ್ಯೂ ಸರ್. ಟೆಕ್ನಿಕಲ್."

"ಇಶ್ಯೂಕ್ಕ ಕಾಲ ಇರ್ತಾವೇನ್ರಿ? ಕಟ್ಟೀ ಹತ್ತಾಕ ಕಾಲ ಬೇಕು. ಮನಶ್ಯಾರ ಹೆಸರ ಹೇಳ್ರಿ."

ಗುರುರಾಜನ ಕಣ್ಣು ಹಳೆಯ ಅಭ್ಯಾಸದಂತೆ ನೀಲಾಂಬಿಕಾಳ ಮೇಲೆ ಬಂದು ಕೂತಿತು. ಆ ಕಣ್ಣಿಗಾಗಿ ಅವಳು ಏಳು ತಿಂಗಳು ಕಾದಿದ್ದಳು.

"ನಾನು ಮುಟ್ಟೋ ಹಾಗಿಲ್ಲ ಸರ್," ಎಂದಳು ಮುರಿಗೆಪ್ಪನವರಿಗೆ, ಬಲು ಮೆಲ್ಲಗೆ. "ಪಾಸ್‌ವರ್ಡ್ ಗುರುರಾಜ್ ಸರ್ ಒಬ್ರ ಹತ್ರಾನೇ ಇರೋದು. ಯುಗಾದಿಯಿಂದ."

ಅವಳ ಕೈ ಕಟ್ಟಿಹಾಕಿದ ಹಗ್ಗದ ಇನ್ನೊಂದು ತುದಿ ಎಲ್ಲಿದೆಯೆಂದು ಗುರುರಾಜನಿಗೆ ಆಗ ಹೊಳೆಯಿತು. ಕಣ್ಣು ಮುಂದಕ್ಕೆ ಸರಿದು, ಬಾಗಿಲ ಬಳಿ ನಿಂತಿದ್ದ ಮಲ್ಲಿಕ್‌ನನ್ನು ಹುಡುಕಿಕೊಂಡಿತು.

"ಬೆಳಿಗ್ಗೆ ನನ್ ಕಂಪ್ಯೂಟರ್ ಹತ್ರ ಮಲ್ಲಿಕ್ ಏನೋ ಕೇಬಲ್ ಕೆಲಸ ಮಾಡ್ತಿದ್ದ ಸರ್. ವಿಚಾರಿಸ್ತೀನಿ."

"ವಿಚಾರ್ಸ್ರಿ. ಯಾರs ಇರ್ಲಿ, ಮೊದ್ಲ ಕಟ್ಟೀ, ಆಮ್ಯಾಗ ಲೈನು," ಎಂದು ಮುರಿಗೆಪ್ಪನವರು ಹೊರಟರು. ಹೊರಡುವಾಗಲೂ ತಲೆ ತಗ್ಗಿಸಿದರು.

ಗುರುರಾಜ್ ಬಾಗಿಲು ಹಾಕಿ, ಮಲ್ಲಿಕ್‌ನ ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ಜೇನು. "ನೋಡು ಮಗಾ, ಟೀಮ್ ಅಂದ್ಮೇಲೆ ಯಾರಾದ್ರೂ ಒಬ್ರು ಮುಂದೆ ಬರ್ಬೇಕು. ನಾನು ಕಟ್ಟೆ ಹತ್ತಿದ್ರೆ ಇಡೀ ಡಿಪಾರ್ಟ್‌ಮೆಂಟಿನ ಮರ್ಯಾದೆ ಹೋಗತ್ತೆ. ನೀನು ಹತ್ತಿದ್ರೆ ಬರೀ…"

"ಬರೀ ಏನು ಸರ್?" ಎಂದಳು ನೀಲಾಂಬಿಕಾ.

"ನೀಲಾ, ನೀವು ಸ್ವಲ್ಪ…"

"ಇಲ್ಲ ಸರ್, ಹೇಳಿ. ಬರೀ ಏನು? ನನಗೂ ಅದೊಂದು ಬಾಕಿ ಇದೆ."

ಗುರುರಾಜ್ ಕಾಫಿ ಕಪ್ಪಿಗೆ ಕೈಹಾಕಿದ. ಅಷ್ಟು ದಿನ ಮೆಟ್ರೊದಲ್ಲಿ ಅವಳು ಹುಡುಕಿದ ಮಾತು ಅವನ ಹತ್ತಿರವೂ ಇರಲಿಲ್ಲ. ಎಂದೂ ಇದ್ದಿರಲೇ ಇಲ್ಲ. ಇದು ಅವಳಿಗೆ ಯಾವ ಉತ್ತರಕ್ಕಿಂತಲೂ ಹೆಚ್ಚು ಉರಿ ಹಚ್ಚಿತು.

"ಮಲ್ಲಿಕ್, ನೀನು ಗೇಟಿಗೆ ಹೋಗಿ ಜನಕ್ಕೆ ನೀರು ಕೊಡ್ಸು," ಎಂದು ಅವನನ್ನು ಕಳಿಸಿ, ಕುರ್ಚಿ ಎಳೆದುಕೊಂಡು ಕೂತಳು. ಆ ಕೋಣೆಯಲ್ಲಿ ಯಾರೂ ಹೇಳದೆ ಅವಳು ಕೂತದ್ದು ಅದೇ ಮೊದಲು.

"ಬೆಳಗಿನ ನಕಲು ಒಂದು ನನ್ನ ಹತ್ರ ಇದೆ ಸರ್. ಅದರಲ್ಲಿ ಎಲ್ರೂ ಇದ್ದಾರೆ."

ಗುರುರಾಜನ ಮುಖಕ್ಕೆ ಜೀವ ಬಂತು. "ನಿಮ್ಮಪ್ಪಂಗೆ ಪುಣ್ಯ ಬರ್ಲಿ! ಹಾಕ್ರೀ ಮತ್ತೆ! ಪಾಸ್‌ವರ್ಡ್ ಬರ್ಕೊಳ್ಳಿ, ಈಗ್ಲೇ ಕೊಡ್ತೀನಿ."

"ಮೊದಲು ಕಟ್ಟೆ."

"ಏನು?"

"ಮೊದಲು ಕಟ್ಟೆ, ಆಮೇಲೆ ಲೈನು. ಈಗ ತಾನೇ ಸಾಹೇಬರು ಹೇಳಿದ್ರಲ್ಲ."

ಅವನು ನಗಲು ನೋಡಿದ. ಆಮೇಲೆ ಅವಳಿಗೆ ಸೀನಿಯರ್ ಮ್ಯಾನೇಜರ್ ಹುದ್ದೆ ಕೊಡಿಸುವ ಮಾತು ತಂದ. ವಾರಕ್ಕೆರಡು ದಿನ ಮನೆಯಿಂದ ಕೆಲಸ ಎಂದ. ತನ್ನ ಮಗಳ ಪರೀಕ್ಷೆ, ಹೆಂಡತಿಯ ಬಿಪಿ, ಇಬ್ಬರಿಗೂ ಗೊತ್ತಿದ್ದ ದಾವಣಗೆರೆಯ ಒಬ್ಬ ಸೋದರಮಾವ, ಎಲ್ಲರನ್ನೂ ಒಬ್ಬೊಬ್ಬರಾಗಿ ಕೋಣೆಯೊಳಗೆ ಕರೆತಂದ. ನೀಲಾಂಬಿಕಾ ಒಬ್ಬೊಬ್ಬರನ್ನೂ ಮರ್ಯಾದೆಯಿಂದ ಬೀಳ್ಕೊಟ್ಟಳು.

"ನಮ್ಮನಮ್ಮಲ್ಲೇ ಹೀಗಾದ್ರೆ ಹೇಗ್ರೀ? ಒಂದೇ ಕಡೆಯವರು ನಾವು," ಎಂದ ಕೊನೆಗೆ.

"ಒಂದೇ ಕಟ್ಟೆಯವರೂ ಆಗೋಣ ಸರ್. ಮತ್ತೆ ಒಂದಲ್ಲ, ಎರಡೂ ಹೇಳ್ಬೇಕು. ಇವತ್ತಿಂದು, ಯುಗಾದಿದು."

"ಅದು ಮುಗ್ದ ಕಥೆ!"

"ನಿಮಗೆ."

ಹೊರಗೆ ಯಾರೋ ಗೇಟನ್ನು ಬಡಿಯತೊಡಗಿದ್ದರು. ಗುರುರಾಜ್ ಕಿಟಕಿಯಿಂದ ನೋಡಿದ. ಮುರಿಗೆಪ್ಪನವರು ಕಟ್ಟೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲ ಪಾಳಿಯವರನ್ನೂ ಮನೆಗೆ ಬಿಟ್ಟಿರಲಿಲ್ಲ. ಚಪ್ಪಾಳೆಗೆ ಜನ ಬೇಕಲ್ಲ.

"ನೀವು ಇಷ್ಟು ಕೆಟ್ಟವರು ಅಂತ ಗೊತ್ತಿರ್ಲಿಲ್ಲ ನೀಲಾ."

"ನನಗೂ ಗೊತ್ತಿರ್ಲಿಲ್ಲ ಸರ್," ಎಂದಳು ಅವಳು. ಅದು ನಿಜವಾಗಿತ್ತು.

ಗೇಟು ತೆರೆದು ಎಲ್ಲರನ್ನೂ ಅಂಗಳಕ್ಕೆ ಬಿಟ್ಟರು. ಒಳಬಾಗಿಲುಗಳು ಮಾತ್ರ ಮುಖ ಗುರುತಿಸದೆ ತೆರೆಯಲೊಲ್ಲವು. ಅಂಗಳಕ್ಕೆ ಅಂಥ ಮಡಿಯಿಲ್ಲ. ಗುರುರಾಜ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಟ್ಟೆ ಹತ್ತಿದ. ಮೈಕು ಹಿಡಿಯುವ ಬಗೆ ಅವನಿಗೆ ತಿಳಿಯಲಿಲ್ಲ. ಫೋರ್ಕ್‌ಲಿಫ್ಟಿನವನು ಮುಂದೆ ಬಂದು ಎತ್ತರ ಸರಿಮಾಡಿ ಕೊಟ್ಟ.

"ಡಿಯರ್ ಕಲೀಗ್ಸ್, ಡ್ಯೂ ಟು ಆನ್ ಇನ್‌ಅಡ್ವರ್ಟೆಂಟ್…"

"ಸಾಹೇಬ್ರ, ಕನ್ನಡದಾಗ ಹೇಳ್ರಿ!" ಎಂದು ಸಾಲಿನಿಂದ ಮಹಾನಂದಾ ಕೂಗಿದಳು. "ನಾವು ಹತ್ತಿದಾಗ ಕನ್ನಡದಾಗ ಹೇಳೀವಿ!"

ನಗು ಎದ್ದಿತು. ಮುರಿಗೆಪ್ಪನವರು ನಗಲಿಲ್ಲ, ತಲೆಯಾಡಿಸಿದರು, ಹೂಂ ಎಂಬಂತೆ.

"ಎಲ್ಲಾ ಗುತ್ತಿಗೆ ಕೆಲಸಗಾರರ ಹೆಸರು… ಅಳಿಸಿ ಹೋಯ್ತು," ಎಂದ ಗುರುರಾಜ್.

"ತಾನs ಅಳದ ಹೋತೇನ್ರಿ?" ಎಂದರು ಮುರಿಗೆಪ್ಪನವರು.

"ನನ್ನಿಂದ." ಮೈಕು ಆ ಪದವನ್ನು ಎತ್ತಿಕೊಂಡು ಹೋಗಿ ಎದುರಿನ ಶೆಡ್ಡಿನ ತಗಡಿಗೆ ಬಡಿದು ತಿರುಗಿ ತಂದಿತು. ಅವನು ಕೆಳಗೆ ನಿಂತಿದ್ದ ನೀಲಾಂಬಿಕಾಳನ್ನು ನೋಡಿದ. ಅವಳು ಎರಡು ಬೆರಳು ಎತ್ತಿ ತೋರಿಸಿದಳು.

"ಮತ್ತೆ… ಯುಗಾದಿ ಟೈಮಲ್ಲಿ ಎಕ್ಸ್‌ಪೈರಿ ಡೇಟು ತಪ್ಪಾಗಿದ್ದು, ಅದೂನೂ ನನ್ನಿಂದ. ನೀಲಾಂಬಿಕಾ ಅವರಿಂದ ಅಲ್ಲ."

ಮುರಿಗೆಪ್ಪನವರ ಮುಖದಲ್ಲಿ ಏನೋ ಕುಸಿಯಿತು. ಅವರಿಗೆ ನೋವಾದದ್ದು ಸುಳ್ಳಿನ ಬಗ್ಗೆ ಅಲ್ಲ, ತಮ್ಮ ಮೈಕಿನಲ್ಲಿ ಸುಳ್ಳೂ ಹೇಳಬಹುದೆಂಬುದರ ಬಗ್ಗೆ. ಮೂರನೆಯ ವಾಕ್ಯ ಕೇಳುವುದೇ ಅವರಿಗೆ ಮರೆತುಹೋಯಿತು. ಆಮೇಲೆ ಚಪ್ಪಾಳೆ ಬಿತ್ತು. ಅಷ್ಟು ಪ್ರೀತಿಯಿಂದ ಆ ಕಾರ್ಖಾನೆ ಹಿಂದೆಂದೂ ಚಪ್ಪಾಳೆ ತಟ್ಟಿರಲಿಲ್ಲ. ಕೆಲವರು ಸಾಲದೆಂದು ಸೀಟಿ ಹೊಡೆದರು.

ನೀಲಾಂಬಿಕಾ ಒಳಗೆ ಹೋಗಿ, ಗುರುರಾಜ್ ಬರೆದುಕೊಟ್ಟ ಪಾಸ್‌ವರ್ಡ್ ಹಾಕಿ, ನಕಲಿನಿಂದ ಅಸಲಿಗೆ ಎಲ್ಲರನ್ನೂ ದಾಟಿಸಿದಳು. ಒಂದು ಚಾ ಆರುವಷ್ಟರಲ್ಲಿ ಯಂತ್ರ "ವೆಲ್‌ಕಮ್" ಎನ್ನತೊಡಗಿತು. ಬಿಟ್ಟುಹೋದವರೂ ಅವರೊಂದಿಗೆ ವಾಪಸು ಬಂದಿದ್ದರು. ಅವರನ್ನು ಆಮೇಲೆ ನೋಡಿಕೊಂಡರಾಯಿತು. ಬಾಗಿಲ ಹತ್ತಿರ ಮಹಾನಂದಾ ಎದುರಾದಳು. ಅಷ್ಟು ಹೊತ್ತು ನಿಲ್ಲಿಸಿದ್ದಕ್ಕೆ ಏನಾದರೂ ಹೇಳಬೇಕೆಂದು ನೀಲಾಂಬಿಕಾ ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು.

"ಮಲ್ಲಿಕಣ್ಣ ಎಲ್ಲಾ ಹೇಳ್ಯಾನ್ರಿ. ನೀವು ಬೇಕಂತs ತಡದಿದ್ರಿ ಅಂತ."

"ಬಿಸಿಲಾಗ ನಿಂದ್ರಿಸಿದೆ ನಿಮ್ಮನ್ನ. ತಪ್ಪಾತು."

"ನಮಗ ನಿಂತು ರೂಢಿ ಐತ್ರಿ. ಆ ಸಾಹೇಬ್ರು ನಿಂತದ್ದ ಇವತ್ತs ನೋಡಿದ್ವಿ. ಇನ್ನ ಸ್ವಲ್ಪ ತಡೀಬೇಕಿತ್ತು ನೀವು, ಮೊದಲಿನ ಪಾಳಿ ಹೆಣ್ಣಮಕ್ಕಳು ಹಿಂದ ಇದ್ರು, ಅವರಿಗೆ ಚಲೋತ್ನಾಗ ಕಾಣಲಿಲ್ಲಂತ."

ಸಂಜೆ ಮುರಿಗೆಪ್ಪನವರು ಕರೆಸಿದರು. ಪಕ್ಕದಲ್ಲಿ ಮಲ್ಲಿಕ್ ಕೈಕಟ್ಟಿ ನಿಂತಿದ್ದ.

"ನಕಲು ವಾಪಸ್ ಹಾಕಾಕ ಎಷ್ಟ ಹೊತ್ತ ಬೇಕಾತ್ರಿ?"

"ಒಂದು ಚಾ ಕುಡಿಯೋ ಹೊತ್ತು ಸರ್."

"ಲೈನ್ ನಿಂತಾಗs ನಿಮಗ ಗೊತ್ತಿತ್ತು ನಕಲ ಐತಿ ಅಂತ?"

ಸುಳ್ಳು ಹೇಳಬಹುದಿತ್ತು. ನಕಲು ಸರಿಯಿದೆಯೋ ಇಲ್ಲವೋ ಪರೀಕ್ಷಿಸುತ್ತಿದ್ದೆ ಎಂದರೆ ಆ ಕೋಣೆಯಲ್ಲಿ ಅಲ್ಲಗಳೆಯುವ ವಿದ್ಯೆ ಯಾರಿಗೂ ಇರಲಿಲ್ಲ. ಮಲ್ಲಿಕ್ ಕಣ್ಣಲ್ಲೇ ಹಾಗೆ ಹೇಳಿ ಎಂದು ಬೇಡಿಕೊಳ್ಳುತ್ತಿದ್ದ.

"ಗೊತ್ತಿತ್ತು ಸರ್."

"ಮತ್ತ ಆವಾಗs ಯಾಕ ಹೇಳ್ಲಿಲ್ಲ?"

"ಅವರು ಕಟ್ಟೆ ಹತ್ತಲಿ ಅಂತ."

ಮಲ್ಲಿಕ್ ಕಣ್ಣು ಮುಚ್ಚಿಕೊಂಡ. ಮುರಿಗೆಪ್ಪನವರು ತಲೆಯೆತ್ತಿ ಅವಳನ್ನು ನೋಡಿದರು. ಬೇಸರವಿತ್ತು, ಅದರ ಅಡಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು. ಮೈಕಿಗೆ ಇನ್ನೂ ನಿಜ ಹೇಳುವವರು ಸಿಗಬಹುದು ಎಂಬ ಖುಷಿ.

"ಹಂಗಾದ್ರ ಲೆಕ್ಕ ಸೀದಾ ಐತಿ. ಒಂದ ಚಾ ಕುಡಿಯೋವಷ್ಟ ಹೊತ್ತ ಲೈನ್ ನಿಂತದ್ದು ಅವರಿಂದ. ಆಮ್ಯಾಗಿನದ್ದು ನಿಮ್ಮಿಂದ. ನಾಳೆ ಮುಂಜಾನೆ ನೀವೂ ಹತ್ತ್ರಿ."

ಅವಳಿಗೆ ಸಿಟ್ಟು ಬರಬೇಕಿತ್ತು. ಬದಲು, ಮೆಟ್ರೊದಲ್ಲಿ ಹೊಸ ರೋಡ್ ಸ್ಟೇಷನ್ ದಾಟುವಾಗ ಅವಳು ಒಬ್ಬಳೇ ನಗುತ್ತಿರುವುದನ್ನು ಎದುರಿನ ಹುಡುಗಿಯೊಬ್ಬಳು ನೋಡಿ ಸೀಟು ಬದಲಾಯಿಸಿದಳು.

ಬೆಳಗ್ಗೆ ಎರಡೂ ಪಾಳಿಯ ಜನ ಬಂದಿದ್ದರು. ಎರಡನೇ ಪಾಳಿಯವರಿಗೆ ಬರುವ ಅಗತ್ಯವಿರಲಿಲ್ಲ, ಮಹಾನಂದಾ ಎಬ್ಬಿಸಿಕೊಂಡು ಬಂದಿದ್ದಳು. ಮುಂದಿನ ಸಾಲಿನಲ್ಲಿ, ಆಫೀಸರುಗಳ ಜಾಗದಲ್ಲಿ, ಗುರುರಾಜ್. ನೀಲಾಂಬಿಕಾ ಕಟ್ಟೆ ಹತ್ತಿ ಮೈಕು ತನ್ನ ಎತ್ತರಕ್ಕೆ ತಾನೇ ಇಳಿಸಿಕೊಂಡಳು.

"ನಿನ್ನೆ ಮಧ್ಯಾಹ್ನ ಲೈನು ನಿಂತಿತ್ತು. ಕೂಡಲೇ ಶುರು ಮಾಡಬಹುದಿತ್ತು, ಮಾಡಲಿಲ್ಲ. ನನ್ನಿಂದ," ಎಂದಳು. ಈ ಸಲ ಆ ಪದ ನಾಲಿಗೆಯ ಮೇಲೆ ಹಗುರಾಗಿ ಕೂತಿತು. ಮುರಿಗೆಪ್ಪನವರ ಜಪಾನು ಪೂರ್ತಿ ಸುಳ್ಳಲ್ಲ ಎನಿಸಿತು. "ಬೇಕಂತಲೇ."

ಸಾಲುಗಳಲ್ಲಿ ಗುಜುಗುಜು ಹುಟ್ಟಿ ಅಡಗಿತು.

"ಮೂರನೇದು," ಎಂದು ಮುರಿಗೆಪ್ಪನವರು ನೆನಪಿಸಿದರು. "ಮುಂದ ಹಿಂಗ ಆಗದಂಗ ಏನ್ ಮಾಡ್ತೀರಿ?"

ನೀಲಾಂಬಿಕಾ ಪ್ರಾಮಾಣಿಕವಾಗಿ ಯೋಚಿಸಿದಳು.

"ಆಗಲ್ಲ ಅಂತ ಮಾತು ಕೊಡೋಕಾಗಲ್ಲ ಸರ್. ಅದು ಗುರುರಾಜ್ ಸರ್ ಕೈಲಿದೆ."

ಮೊದಲು ನಕ್ಕದ್ದು ಯಾರೋ ಹಿಂದಿನ ಸಾಲಿನವರು. ಆಮೇಲೆ ನಿಯಮದಂತೆ ಚಪ್ಪಾಳೆ ಶುರುವಾಗಿ, ಸಾಲಿನಿಂದ ಸಾಲಿಗೆ ಮುಂದೆ ಬಂದು, ಮುಂದಿನ ಸಾಲಿನಲ್ಲಿ ಒಂದು ಕಡೆ ಮಾತ್ರ ತಡೆದು ನಿಂತಿತು. ಎಲ್ಲರೂ ತಟ್ಟಬೇಕು, ಪದ್ಧತಿಯೆಂದರೆ ಪದ್ಧತಿ. ಮುರಿಗೆಪ್ಪನವರು ಆ ಕಡೆ ತಿರುಗಿದರು. ಮಲ್ಲಿಕ್ ತಿರುಗಿದ. ಮಹಾನಂದಾ ಕತ್ತು ಉದ್ದ ಮಾಡಿ ನೋಡಿದಳು.

ಗುರುರಾಜ್ ಚಪ್ಪಾಳೆ ತಟ್ಟುವವರೆಗೂ ನೀಲಾಂಬಿಕಾ ಮೈಕು ಬಿಡಲಿಲ್ಲ.